ತಣ್ಣೀರಿನೊಳಗಣ ಬದುಕು

ಕೃಷ್ಣೆಯೂ ಮಲಪ್ರಭೆಯೂ ಒಂದಾಗುವ ಕೂಡಲಸಂಗಮವು ಹುನಗುಂದದ ಸೀಮೆಯಲ್ಲಿದೆ. ಅಲ್ಲಿಗೆ ಹೋದವರು ಬಸವಣ್ಣನವರ ಐಕ್ಯಮಂಟಪವನ್ನು ನೋಡದೆ ಹಿಂದಿರುಗುವುದಿಲ್ಲ. ಅಣೆಕಟ್ಟಿನ ಹಿನ್ನೀರು ಏರಿದಾಗ ಮಂಟಪವು ಮುಳುಗಿಹೋಗದಿರಲೆಂದು ಅದರ ಸುತ್ತಲೂ ಬಾವಿಯ ಆಕಾರದ ಎತ್ತರವಾದ ಗೋಡೆಯನ್ನು ಕಟ್ಟಿದ್ದಾರೆ. ಸೇತುವೆಯ ಮೇಲೆ ನಡೆದು, ಗೋಡೆಯ ಒಳಗೆ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಹೋಗಬೇಕು. ನದಿ ತುಂಬಿರುವ ದಿನಗಳಲ್ಲಿ ಕೆಳಗೆ ನಿಂತಾಗ ನಮ್ಮ ಕಾಲು ಒಣಗಿಯೇ ಇರುತ್ತದೆ. ಆದರೆ ಗೋಡೆಯ ಆಚೆಗಿನ ನೀರಿನ ಮಟ್ಟವು ನಮ್ಮ ತಲೆಗಿಂತ ಎಷ್ಟೋ ಮೇಲಿರುತ್ತದೆ. ಆಗ ಯಾವ ಹುಡುಗನ ಮನಸ್ಸಿನಲ್ಲಾದರೂ ಒಂದು ಪ್ರಶ್ನೆ ಏಳದಿರದು: ಈ ಗೋಡೆಯ ಆಚೆ, ನೀರಿನ ಒಳಗೆ, ಈ ಕ್ಷಣದಲ್ಲಿ ಏನು ನಡೆಯುತ್ತಿದೆ?

ನೆಲದ ಮೇಲಿನ ಬದುಕನ್ನು ನಾವು ಹುಟ್ಟಿದಂದಿನಿಂದ ನೋಡುತ್ತೇವೆ. ನೀರಿನೊಳಗಣ ಬದುಕನ್ನಾದರೋ, ಅದನ್ನು ನೀರಿನಿಂದ ಹೊರಕ್ಕೆ ಎಳೆದ ಮೇಲೆಯೇ ನೋಡುವುದು ನಮಗೆ ವಾಡಿಕೆಯಾಗಿದೆ. ಬಲೆಗೆ ಬಿದ್ದ ಮೀನನ್ನು ನೋಡಿ ಮೀನಿನ ಬದುಕನ್ನು ತಿಳಿದೆವೆಂದರೆ, ಪಂಜರದ ಗಿಳಿಯನ್ನು ನೋಡಿ ಕಾಡನ್ನು ತಿಳಿದೆವೆಂದಂತೆಯೇ ಸರಿ. ಅದನ್ನು ಅದರ ಮನೆಯಲ್ಲಿಯೇ ನೋಡಬೇಕು. ಅದಕ್ಕಾಗಿ ನಾವೇ ನೀರಿಗಿಳಿಯಬೇಕು. ಹೀಗೆ ನೀರಿಗಿಳಿದು, ಅದರಲ್ಲಿಯೂ ದಡಕ್ಕೆ ಸಮೀಪವಾದ ತಣ್ಣನೆಯ ಕಡಲಿಗಿಳಿದು, ಮಾನವನು ಏನನ್ನು ಕಂಡನು, ಕಂಡದ್ದರಿಂದ ಏನನ್ನು ಕಲಿತನು ಎಂಬುದೇ ಈ ಪಾಠದ ವಿಷಯ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಈ ಊರುಗಳಿಂದ ಕಡಲು ಇನ್ನೂರು ಕಿಲೋಮೀಟರಿಗೂ ದೂರ. ಇಂಥ ಒಣನಾಡಿನವರಿಗೆ ಕಡಲಿನ ಮಾತೇಕೆ ಎಂದು ಯಾರಾದರೂ ಕೇಳಬಹುದು. ಆದರೆ ಈ ನಾಡಿಗೂ ಕಡಲಿಗೂ ಇರುವ ನಂಟು ಹೊಸದಲ್ಲ. ಬಾದಾಮಿಯ ಬಂಡೆಗಳ ಮೇಲೆ ಕೆಲವೆಡೆ ಸಣ್ಣ ಸಣ್ಣ ಅಲೆಗಳ ಗುರುತುಗಳು ಕಾಣುತ್ತವೆ. ಕೆರೆಯಂಚಿನ ಮರಳಿನಲ್ಲಿ ನೀರು ಮೂಡಿಸುವ ಗೀರುಗಳಂತೆಯೇ ಅವು ಇವೆ. ಒಂದಾನೊಂದು ಕಾಲದಲ್ಲಿ ನೀರು ಹರಿಸಿ ತಂದ ಮರಳೇ ಗಟ್ಟಿಯಾಗಿ ಈ ಮರಳುಗಲ್ಲಾಯಿತು. ಇನ್ನು ಬಾಗಲಕೋಟೆಯ ಸುತ್ತಣ ಸುಣ್ಣದ ಕಲ್ಲಿನ ಕಥೆ ಇದಕ್ಕಿಂತ ಹಳೆಯದು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಯು ಈ ಸೀಮೆಯನ್ನೆಲ್ಲ ಸುತ್ತಿ, ಇಲ್ಲಿಯ ಶಿಲೆಗಳನ್ನು ಕುರಿತ ತನ್ನ ಗ್ರಂಥವನ್ನು 1876ರಲ್ಲಿ ಪ್ರಕಟಿಸಿದನು. ಇಲ್ಲಿಯ ಶಿಲಾಸಮೂಹಕ್ಕೆ ಕಲಾದಗಿಯ ಹೆಸರು ಅಂದಿನಿಂದ ಬಳಕೆಯಲ್ಲಿದೆ. ನೂರು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಆಳವಿಲ್ಲದ ಕಡಲೊಂದು ಇದ್ದಿತು. ಅದರ ತಳದಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ನೀಲಿಹಸಿರು ಜೀವಿಗಳು ಚಾಪೆಯಂತೆ ಹಬ್ಬಿ, ಮೇಲೆ ಕುಳಿತ ಕೆಸರನ್ನು ಹಿಡಿದಿಟ್ಟುಕೊಳ್ಳುತ್ತ, ಪದರದ ಮೇಲೆ ಪದರವಾಗಿ ಬೆಳೆದವು. ಆ ಪದರಗಳು ಕಲ್ಲಾಗಿ ಇಂದಿಗೂ ಉಳಿದಿವೆ. ಸೀಳಿದ ಈರುಳ್ಳಿಯ ಸುರುಳಿಗಳಂತೆ ಕಾಣುವ ಇವುಗಳನ್ನು ಸ್ಟ್ರೊಮಾಟೊಲೈಟ್‌ಗಳೆಂದು ಕರೆಯುತ್ತಾರೆ. ಇಂಥವೇ ಜೀವಂತ ರಚನೆಗಳು ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಯಲ್ಲಿ, ದಡದ ಬಳಿಯ ತಿಳಿನೀರಿನಲ್ಲಿ ಇವೆ. ಅಲ್ಲಿ ಬದುಕಿರುವುದು ಬಾಗಲಕೋಟೆಯಲ್ಲಿ ಕಲ್ಲಾಗಿ ನಿಂತಿದೆ. ಹೀಗಿರುವಾಗ ಕಡಲು ನಮಗೆ ಪರಕೀಯವೆಂದು ಹೇಳುವುದು ಹೇಗೆ?

ನೀರಿನಲ್ಲಿ ಮುಳುಗುವವನಿಗೆ ಮೊದಲ ಅಡ್ಡಿ ಉಸಿರು. ಈಜು ಬಲ್ಲವನೂ ಒಂದೆರಡು ನಿಮಿಷಗಳಿಗಿಂತ ಹೆಚ್ಚು ಹೊತ್ತು ಉಸಿರು ಹಿಡಿದಿರಲಾರನು. ಈ ಅಡ್ಡಿಯನ್ನು ದಾಟಿಸಿದವರು ಫ್ರಾನ್ಸ್ ದೇಶದ ನೌಕಾಧಿಕಾರಿ ಜಾಕ್ ಕೂಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾಂ. 1943ರಲ್ಲಿ ಇವರಿಬ್ಬರೂ ಸೇರಿ ಒಂದು ಉಪಕರಣವನ್ನು ರೂಪಿಸಿದರು. ಒತ್ತಿ ತುಂಬಿದ ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡವನು ಉಸಿರೆಳೆದಾಗ ಮಾತ್ರ, ಅವನಿಗೆ ಬೇಕಾದಷ್ಟೇ ಗಾಳಿಯನ್ನು, ಅವನಿರುವ ಆಳಕ್ಕೆ ತಕ್ಕ ಒತ್ತಡದಲ್ಲಿ ಒದಗಿಸುವ ಕವಾಟ ಅದು. ಮೋಟಾರಿನ ಎಂಜಿನ್ನಿಗೆ ಅನಿಲವನ್ನು ಅಳೆದು ಬಿಡಲೆಂದು ಗಾನ್ಯಾಂ ಮಾಡಿದ್ದ ಸಾಧನವೇ ಇದಕ್ಕೆ ತಳಹದಿಯಾಯಿತು. ಇಂಥ ಸಲಕರಣೆಗೆ ಇಂದು ಸ್ಕೂಬಾ ಎಂದು ಹೆಸರು. ಮುಳುಗುವವನು ತಾನೇ ಹೊತ್ತೊಯ್ಯುವ ಉಸಿರಾಟದ ಸಾಧನ ಎಂಬುದು ಅದರ ಅರ್ಥ.

ಈ ಸಾಧನದ ಹಿಂದಿರುವ ಲೆಕ್ಕ ಬಹಳ ಸರಳವಾದುದು. ಕಡಲಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ನೀರಿನ ಒತ್ತಡವು ವಾಯುಮಂಡಲದ ಒಂದು ಒತ್ತಡದಷ್ಟು ಏರುತ್ತದೆ. ನೆಲದ ಮೇಲೆ ಒಂದು ಇದ್ದುದು 10 ಮೀಟರಿನಲ್ಲಿ ಎರಡು, 20 ಮೀಟರಿನಲ್ಲಿ ಮೂರು ಆಗುತ್ತದೆ. 12 ಲೀಟರಿನ ಸಿಲಿಂಡರಿನಲ್ಲಿ 200 ಪಟ್ಟು ಒತ್ತಿ ತುಂಬಿದರೆ ಅದರಲ್ಲಿ ಸುಮಾರು 2,400 ಲೀಟರ್ ಗಾಳಿ ಇರುತ್ತದೆ. ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ಅದು ನೆಲದ ಮೇಲೆ ಎರಡು ಗಂಟೆ ಬರುತ್ತದೆ. 10 ಮೀಟರ್ ಆಳದಲ್ಲಿ ಒಂದೇ ಗಂಟೆ. 20 ಮೀಟರಿನಲ್ಲಿ ನಲವತ್ತೇ ನಿಮಿಷ. ಆಳಕ್ಕೆ ಇಳಿದಷ್ಟೂ ಸಮಯ ಕುಗ್ಗುತ್ತದೆ. ಅಷ್ಟೂ ಗಾಳಿಯನ್ನು ಮುಗಿಸುವವರೆಗೆ ಯಾರೂ ಕೆಳಗಿರುವುದಿಲ್ಲ. ಸ್ವಲ್ಪ ಗಾಳಿಯನ್ನು ಆಪತ್ತಿಗೆಂದು ಉಳಿಸಿಕೊಂಡೇ ಮೇಲೇರುತ್ತಾರೆ. ಆದುದರಿಂದ ಜೀವಿಗಳನ್ನು ಬಿಡುವಾಗಿ ನೋಡಬಯಸುವವರು ದಡದ ಬಳಿಯ ಆಳವಿಲ್ಲದ ನೀರನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತಾರೆ. ಸೂರ್ಯನ ಬೆಳಕು ತಲುಪುವುದೂ ಅಲ್ಲಿಯೇ, ಜೀವಿಗಳು ದಟ್ಟವಾಗಿ ನೆಲೆಸಿರುವುದೂ ಅಲ್ಲಿಯೇ.

ಇಳಿಯುವುದಕ್ಕಿಂತ ಏರುವಾಗ ಎಚ್ಚರ ಹೆಚ್ಚು ಬೇಕು. ಒತ್ತಡದಲ್ಲಿ ಉಸಿರಾಡಿದ ಗಾಳಿಯಲ್ಲಿನ ಸಾರಜನಕವು ರಕ್ತದಲ್ಲಿ ಕರಗಿರುತ್ತದೆ. ಗೋಲಿ ಸೋಡಾದ ಗೋಲಿಯನ್ನು ಒತ್ತಿದ ಕೂಡಲೇ ಶೀಶೆಯಲ್ಲಿ ಗುಳ್ಳೆಗಳು ನುಗ್ಗಿಬರುವುದನ್ನು ನೀವು ನೋಡಿದ್ದೀರಿ. ಒಮ್ಮೆಲೇ ಮೇಲೇರಿದವನ ರಕ್ತದಲ್ಲಿಯೂ ಹಾಗೆಯೇ ಗುಳ್ಳೆಗಳೆದ್ದು ಪ್ರಾಣಕ್ಕೆ ಸಂಚಕಾರ ಬರಬಹುದು. ಆದುದರಿಂದ ನಿಧಾನವಾಗಿ ಏರಬೇಕು; ಮೇಲ್ಮೈಗೆ 5 ಮೀಟರ್ ಇರುವಾಗ ಮೂರು ನಿಮಿಷ ನಿಲ್ಲಬೇಕು; ಯಾವ ಕಾರಣಕ್ಕೂ ಉಸಿರು ಬಿಗಿಹಿಡಿಯಬಾರದು; ಒಬ್ಬಂಟಿಯಾಗಿ ಇಳಿಯಬಾರದು. ಈ ನಿಯಮಗಳನ್ನು ಶಿಕ್ಷಕರ ಬಳಿ ಕಲಿಯದೆ ಯಾರೂ ಈ ಸಾಹಸಕ್ಕೆ ಕೈಹಾಕುವಂತಿಲ್ಲ.

ಎರಡನೆಯ ಅಡ್ಡಿ ಚಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. 15 ಡಿಗ್ರಿಯ ಗಾಳಿಯಲ್ಲಿ ಹೊದಿಕೆ ಹೊದ್ದು ಹಾಯಾಗಿ ಕುಳಿತಿರುವವನು ಅದೇ 15 ಡಿಗ್ರಿಯ ನೀರಿನಲ್ಲಿ ಬರಿಮೈಯಲ್ಲಿದ್ದರೆ ಬೇಗನೆ ನಡುಗತೊಡಗುತ್ತಾನೆ. ಇದಕ್ಕಾಗಿ ಸಣ್ಣ ಸಣ್ಣ ಗಾಳಿಗುಳ್ಳೆಗಳು ತುಂಬಿದ ರಬ್ಬರಿನ ಬಿಗಿಯಾದ ಉಡುಪನ್ನು ತೊಡುತ್ತಾರೆ. ಅದರೊಳಗೆ ಸಿಕ್ಕಿಕೊಂಡ ತೆಳುವಾದ ನೀರಿನ ಪದರವು ಮೈಯ ಶಾಖದಿಂದಲೇ ಬೆಚ್ಚಗಾಗಿ ಉಳಿಯುತ್ತದೆ. ನೀರು ಇನ್ನೂ ತಣ್ಣಗಿದ್ದರೆ, ಒಳಕ್ಕೆ ನೀರೇ ನುಸುಳದಂಥ ಉಡುಪನ್ನು ಧರಿಸುತ್ತಾರೆ.

ಇಷ್ಟೆಲ್ಲ ಸಲಕರಣೆಗಳು ಬರುವ ಮೊದಲೇ ತಣ್ಣೀರಿಗೆ ಇಳಿದವರೂ ಉಂಟು. ದಕ್ಷಿಣ ಕೊರಿಯದ ಜೆಜು ದ್ವೀಪದ ಹೆಣ್ಣುಮಕ್ಕಳು ತಲೆಮಾರುಗಳಿಂದ ಕಡಲಿಗಿಳಿದು ಚಿಪ್ಪುಜೀವಿಗಳನ್ನೂ ಕಡಲಪಾಚಿಯನ್ನೂ ಕೊಯ್ದು ತಂದು ಸಂಸಾರ ನಡೆಸಿದ್ದಾರೆ. ಅವರನ್ನು ಹೆನ್ಯೊ ಎಂದು ಕರೆಯುತ್ತಾರೆ. ಬೆನ್ನಿಗೆ ಸಿಲಿಂಡರಿಲ್ಲ, ಉಸಿರು ಹಿಡಿದೇ ಮುಳುಗುತ್ತಾರೆ. 1970ರ ದಶಕದವರೆಗೆ ಅವರು ಚಳಿಗಾಲದಲ್ಲಿಯೂ ಬರಿಯ ಹತ್ತಿಬಟ್ಟೆಯನ್ನುಟ್ಟು ಇಳಿಯುತ್ತಿದ್ದರು. ಮೇಲೆ ಬಂದು ಬಿಡುವ ಅವರ ಉಸಿರು ಸಿಳ್ಳಿನಂತೆ ಕೇಳಿಸುತ್ತದೆ. ಯಾವ ಬಂಡೆಯ ಮರೆಯಲ್ಲಿ ಯಾವ ಜೀವಿಯಿದೆ, ಯಾವ ತಿಂಗಳಲ್ಲಿ ಅದನ್ನು ಮುಟ್ಟಬಾರದು ಎಂಬುದು ಹಿರಿಯರಿಂದ ಕಿರಿಯರಿಗೆ ಬಾಯಿಮಾತಿನಲ್ಲಿಯೇ ಹರಿದುಬಂದ ವಿದ್ಯೆ. 2016ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಪರಂಪರೆಯನ್ನು ಮಾನವಕುಲದ ಆಸ್ತಿಯೆಂದು ಗೌರವಿಸಿತು.

ತಣ್ಣನೆಯ ಕಡಲಿನಲ್ಲಿ ಏನಿದ್ದೀತು, ಚಳಿಗೆ ಎಲ್ಲವೂ ಮುದುಡಿಹೋಗಿರಬೇಕು ಎಂದು ನಾವು ಭಾವಿಸುವುದು ಸಹಜ. ವಾಸ್ತವವು ಇದಕ್ಕೆ ತೀರ ವಿರುದ್ಧವಾಗಿದೆ. ನೀರು ತಣ್ಣಗಾದಷ್ಟೂ ಅದರಲ್ಲಿ ಆಮ್ಲಜನಕ ಹೆಚ್ಚಾಗಿ ಕರಗುತ್ತದೆ. 30 ಡಿಗ್ರಿಯ ನೀರಿಗಿಂತ ಹಿಮದಷ್ಟು ತಣ್ಣಗಿನ ನೀರು ಸುಮಾರು ಎರಡರಷ್ಟು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಬೆಚ್ಚನೆಯ ಕಡಲಿನಲ್ಲಿ ಹಗುರವಾದ ಬಿಸಿನೀರು ಮೇಲೆ, ಭಾರವಾದ ತಣ್ಣೀರು ಕೆಳಗೆ, ಹೀಗೆ ಬೇರೆ ಬೇರೆಯಾಗಿಯೇ ಉಳಿಯುತ್ತವೆ. ತಳಕ್ಕಿಳಿದ ಸತ್ವವು ತಳದಲ್ಲಿಯೇ ಇರುತ್ತದೆ. ತಣ್ಣನೆಯ ಕಡಲಿನಲ್ಲಾದರೋ ಮೇಲಿನ ನೀರೂ ಕೆಳಗಿನ ನೀರೂ ಸುಲಭವಾಗಿ ಬೆರೆಯುತ್ತವೆ. ಕೆಳಗಿನ ಸತ್ವವು ಗೊಬ್ಬರದಂತೆ ಮೇಲಕ್ಕೆ ಬರುತ್ತದೆ. ಅಲ್ಲಿ ಬಿಸಿಲಿನೊಡನೆ ಸೇರಿ ಬೆಳೆ ಬೆಳೆಯುತ್ತದೆ. ಹೀಗಾಗಿ ತಣ್ಣೀರಿನ ತೀರಗಳು ಹಸನಾದ ಎರೆಹೊಲಗಳಿದ್ದಂತೆ.

ಆ ಹೊಲದ ಹೆಬ್ಬೆಳೆಯೇ ಕೆಲ್ಪ್ ಎಂಬ ಕಂದು ಬಣ್ಣದ ಕಡಲಪಾಚಿ. ಕ್ಯಾಲಿಫೋರ್ನಿಯ, ನಾರ್ವೆ, ಚಿಲಿ, ದಕ್ಷಿಣ ಆಫ್ರಿಕ ಮುಂತಾದ ಪ್ರದೇಶಗಳ ತೀರದಲ್ಲಿ ಇದರ ಕಾಡುಗಳೇ ಇವೆ. ಪಾಚಿಯೆಂದರೆ ಕೆರೆಯ ಮೆಟ್ಟಿಲಿನ ಮೇಲೆ ಕಾಲು ಜಾರಿಸುವ ಹಸಿರೆಂದು ತಿಳಿದ ನಮಗೆ ಇದು ಅಚ್ಚರಿಯೇ ಸರಿ. ದೈತ್ಯ ಕೆಲ್ಪ್ 30 ಮೀಟರಿಗೂ ಮೀರಿ ಬೆಳೆಯುತ್ತದೆ. ಅನುಕೂಲವಾದ ಕಾಲದಲ್ಲಿ ದಿನಕ್ಕೆ ಅರ್ಧ ಮೀಟರ್ ಬೆಳೆಯುವುದೂ ಉಂಟು. ಅದಕ್ಕೆ ಮರದ ಬೇರಿನಂತೆ ನೀರು ಹೀರುವ ಬೇರಿಲ್ಲ. ಬಂಡೆಯನ್ನು ಬಿಗಿಯಾಗಿ ಹಿಡಿದುಕೊಳ್ಳುವ ಹಿಡಿಕೆಯಿದೆ. ಗಾಳಿ ತುಂಬಿದ ಸಣ್ಣ ಬುರುಡೆಗಳು ಅದರ ಎಲೆಗಳನ್ನು ಬೆಳಕಿನ ಕಡೆಗೆ ಎತ್ತಿ ನಿಲ್ಲಿಸುತ್ತವೆ. ಚಾರ್ಲ್ಸ್ ಡಾರ್ವಿನ್ನನು ತನ್ನ ಜಲಯಾನದಲ್ಲಿ 1834ರಲ್ಲಿ ದಕ್ಷಿಣ ಅಮೆರಿಕದ ತುದಿಯಲ್ಲಿ ಕೆಲ್ಪ್ ಕಾಡನ್ನು ಕಂಡು ಬೆರಗಾದನು. ಅದೊಂದು ನಾಶವಾದರೆ ಅದರ ಆಶ್ರಯದಲ್ಲಿರುವ ಲೆಕ್ಕವಿಲ್ಲದಷ್ಟು ಜೀವಿಗಳು ನಾಶವಾದಾವು ಎಂದು ಅವನು ಬರೆದಿಟ್ಟನು. ಅವನು ನೋಡಿದ್ದು ನೀರಿನ ಮೇಲಿನಿಂದ ಮಾತ್ರ. ಒಳಗಿಳಿದು ನೋಡುವ ಭಾಗ್ಯ ನಂತರದವರದಾಯಿತು.

ಈ ಕಾಡಿಗೆ ಇಳಿದವನಿಗೆ ಮೊದಲು ಕಾಣುವುದು ಮೇಲಿನಿಂದ ಎಲೆಗಳ ನಡುವೆ ಇಳಿದುಬರುವ ಹೊಂಬೆಳಕು. ನೀರಿನಲ್ಲಿ ವಸ್ತುಗಳು ಇರುವುದಕ್ಕಿಂತ ಮೂರನೆಯ ಒಂದು ಪಾಲು ದೊಡ್ಡದಾಗಿ ಕಾಣುತ್ತವೆ. ಕೆಂಪು ಬಣ್ಣವು ಕೆಲವೇ ಮೀಟರುಗಳ ಆಳದಲ್ಲಿ ಮಾಸಿ ಬೂದುಬಣ್ಣವಾಗಿ ತೋರುತ್ತದೆ. ಆದರೆ ಕೈದೀಪವನ್ನು ಹಿಡಿದ ಕೂಡಲೇ ಬೂದುಬಣ್ಣದ ಬಂಡೆಯೇ ಕುಂಕುಮ, ಅರಿಸಿನ, ನೇರಿಳೆ ಬಣ್ಣಗಳಿಂದ ತುಂಬಿಕೊಳ್ಳುತ್ತದೆ. ಹೂವೆಂದು ಭಾವಿಸಿ ಹತ್ತಿರ ಹೋದರೆ ಅದು ಹೂವಲ್ಲ. ಕುಟುಕುವ ಎಳೆಗಳನ್ನು ಬಿಚ್ಚಿ ಆಹಾರಕ್ಕೆ ಕಾದು ಕುಳಿತ ಕಡಲಹೂವೆಂಬ ಪ್ರಾಣಿ. ಕಲ್ಲೆಂದು ತಿಳಿದದ್ದು ಕಣ್ಣು ತೆರೆದು ಬಣ್ಣ ಬದಲಿಸಿ ಜಾರಿಹೋದರೆ ಅದು ಅಷ್ಟಪಾದಿ. ಚಿಪ್ಪಿಲ್ಲದ ಬಸವನಹುಳುಗಳು ನವಿಲಿನಂತೆ ಬಣ್ಣ ತಳೆದು ತೆವಳುತ್ತಿರುತ್ತವೆ. ಹತ್ತಾರು ತೋಳುಗಳ ನಕ್ಷತ್ರಮೀನು ನಿಂತಂತೆಯೇ ಕಾಣುತ್ತದೆ. ಹತ್ತು ನಿಮಿಷ ಅಲುಗಾಡದೆ ಅದನ್ನೇ ನೋಡಿದವನಿಗೆ ಮಾತ್ರ ಅದು ಬೇಟೆಗೆ ಹೊರಟಿದೆಯೆಂಬುದು ತಿಳಿಯುತ್ತದೆ.

ಹೀಗೆ ತಾಳ್ಮೆಯಿಂದ ನೋಡಿದವರು ಈ ಕಾಡಿನ ಗುಟ್ಟೊಂದನ್ನು ಹೊರಗೆಡಹಿದರು. ಮೈಯೆಲ್ಲ ಮುಳ್ಳಿರುವ ಸೀ ಅರ್ಚಿನ್ ಎಂಬ ಪ್ರಾಣಿಗೆ ಕೆಲ್ಪ್ ಪ್ರಿಯವಾದ ಆಹಾರ. ಆ ಮುಳ್ಳುಜೀವಿಗಳನ್ನು ಕಡಲಿನ ನೀರುನಾಯಿಗಳು ತಿನ್ನುತ್ತವೆ. ನಮ್ಮ ತುಂಗಭದ್ರೆಯಲ್ಲಿಯೂ ನೀರುನಾಯಿಗಳುಂಟು. ಕಡಲಿನವು ಅವುಗಳ ದೊಡ್ಡ ಬಂಧುಗಳು. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಬೆಲೆಬಾಳುವ ತುಪ್ಪಳಕ್ಕಾಗಿ ಇವುಗಳನ್ನು ಬೇಟೆಯಾಡಿ ಬಹುತೇಕ ನಿರ್ನಾಮ ಮಾಡಿದ್ದರು. 1911ರ ಒಪ್ಪಂದದಿಂದ ಅವುಗಳಿಗೆ ರಕ್ಷಣೆ ದೊರೆಯಿತು. ಜೇಮ್ಸ್ ಎಸ್ಟಿಸ್ ಮತ್ತು ಅವರ ಸಹೋದ್ಯೋಗಿಯು ಅಲಾಸ್ಕದ ದ್ವೀಪಗಳಲ್ಲಿ ನೀರಿಗಿಳಿದು ನೋಡಿ 1974ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ನೀರುನಾಯಿಗಳಿದ್ದ ದ್ವೀಪಗಳ ಸುತ್ತ ಕೆಲ್ಪ್ ಕಾಡು ದಟ್ಟವಾಗಿತ್ತು. ಅವು ಇಲ್ಲದ ದ್ವೀಪಗಳ ಸುತ್ತ ಮುಳ್ಳುಜೀವಿಗಳು ಕಾಡನ್ನೆಲ್ಲ ಮೇಯ್ದು ಬರಿಬಂಡೆಯನ್ನು ಉಳಿಸಿದ್ದವು. ನೀರುನಾಯಿಯು ಕೆಲ್ಪನ್ನು ನೆಡಲಿಲ್ಲ, ನೀರೆರೆಯಲಿಲ್ಲ. ಆದರೂ ಕಾಡನ್ನು ಕಾಯುತ್ತಿದ್ದುದು ಅದೇ.

ಇಳಕಲ್ಲಿನ ನೇಕಾರನ ಮಗ್ಗವನ್ನು ನೋಡಿದವರಿಗೆ ಈ ಸಂಗತಿ ಬೇಗ ಅರ್ಥವಾಗುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಉಟ್ಟವರ ಕಣ್ಣಿಗೆ ಬೀಳುವುದು ಸೆರಗಿನ ಕೆಂಪು, ಅಂಚಿನ ಚೆಲುವು. ಕೊಂಡಿಯನ್ನು ಯಾರೂ ಗಮನಿಸರು. ಆದರೆ ಕೊಂಡಿ ಕಳಚಿದರೆ ಸೆರಗು ಸೆರಗಾಗಿ ಉಳಿಯದು. ಪ್ರಕೃತಿಯಲ್ಲಿಯೂ ಕೆಲವು ಜೀವಿಗಳು ಇಂಥ ಕೊಂಡಿಗಳು. ಯಾವುದು ಕೊಂಡಿ, ಯಾವುದು ಬರಿಯ ಎಳೆ ಎಂಬುದು ಮೇಲುನೋಟಕ್ಕೆ ತಿಳಿಯದು.

ಇನ್ನೊಂದು ಕೊಂಡಿ ಕಳಚಿದ ಸಂಗತಿ ನಮ್ಮ ಕಾಲದಲ್ಲಿಯೇ ನಡೆಯಿತು. ಉತ್ತರ ಅಮೆರಿಕದ ಪಶ್ಚಿಮ ತೀರದ ತಣ್ಣೀರಿನಲ್ಲಿ ಸೂರ್ಯಕಾಂತಿ ನಕ್ಷತ್ರಮೀನು ಎಂಬುದೊಂದಿದೆ. ಬೆಳೆದ ಪ್ರಾಣಿಗೆ ಇಪ್ಪತ್ತಕ್ಕೂ ಹೆಚ್ಚು ತೋಳುಗಳಿರಬಹುದು. ಅಗಲ ಸುಮಾರು ಒಂದು ಮೀಟರ್. ಇದೂ ಮುಳ್ಳುಜೀವಿಗಳನ್ನು ತಿಂದು ಕೆಲ್ಪನ್ನು ಕಾಯುತ್ತಿತ್ತು. 2013ರಲ್ಲಿ, ದಡದ ಬಳಿ ನೀರಿಗಿಳಿಯುತ್ತಿದ್ದವರ ಕಣ್ಣಿಗೆ ವಿಚಿತ್ರವಾದ ನೋಟವೊಂದು ಬಿದ್ದಿತು. ನಕ್ಷತ್ರಮೀನುಗಳ ತೋಳುಗಳು ತಿರುಚಿಕೊಂಡು, ಮೈಯಿಂದ ಕಳಚಿ, ದೇಹವೇ ಕರಗಿ ಮುದ್ದೆಯಾಗುತ್ತಿತ್ತು. ಆ ರೋಗವು ತೀರದುದ್ದಕ್ಕೂ ಹಬ್ಬಿ, ಕೆಲವೇ ವರ್ಷಗಳಲ್ಲಿ ಸೂರ್ಯಕಾಂತಿ ನಕ್ಷತ್ರಮೀನುಗಳಲ್ಲಿ ನೂರಕ್ಕೆ 90ರಷ್ಟು ಅಳಿದವು. ಅದೇ ಸಮಯಕ್ಕೆ, 2014ರಿಂದ 2016ರವರೆಗೆ, ಆ ಕಡಲಿನ ನೀರು ಎಂದಿಗಿಂತ ಬಿಸಿಯಾಯಿತು. ಬಿಸಿನೀರಿನಲ್ಲಿ ಕೆಲ್ಪ್ ಸೊರಗಿತು. ತಿನ್ನುವ ಶತ್ರುವಿಲ್ಲದೆ ಮುಳ್ಳುಜೀವಿಗಳು ಹೆಚ್ಚಿದವು. ಉತ್ತರ ಕ್ಯಾಲಿಫೋರ್ನಿಯದ ತೀರದಲ್ಲಿ ಕೆಲ್ಪ್ ಕಾಡಿನ ನೂರರಲ್ಲಿ 90ಕ್ಕೂ ಹೆಚ್ಚು ಪಾಲು ಇಲ್ಲವಾಯಿತು. ಮೇವು ಮುಗಿದ ಮೇಲೆಯೂ ಆ ಮುಳ್ಳುಜೀವಿಗಳು ಸಾಯಲಿಲ್ಲ. ಒಳಗೆ ಸತ್ವವಿಲ್ಲದೆ, ಹಸಿದ ಹೊಟ್ಟೆಯಲ್ಲಿಯೇ ವರ್ಷಗಟ್ಟಲೆ ಬಂಡೆಗೆ ಅಂಟಿಕೊಂಡು, ಹೊಸದಾಗಿ ಚಿಗುರುವ ಕೆಲ್ಪನ್ನು ಚಿಗುರಿನಲ್ಲಿಯೇ ಕಡಿದುಹಾಕಿದವು.

ರೋಗಕ್ಕೆ ಕಾರಣವೇನೆಂದು ತಿಳಿಯಲು ಹನ್ನೆರಡು ವರ್ಷಗಳು ಬೇಕಾದವು. ವಿಬ್ರಿಯೊ ಎಂಬ ಗುಂಪಿಗೆ ಸೇರಿದ ಒಂದು ಬ್ಯಾಕ್ಟೀರಿಯವೇ ಅದಕ್ಕೆ ಕಾರಣವೆಂದು ವಿಜ್ಞಾನಿಗಳು 2025ರಲ್ಲಿ ಪ್ರಕಟಿಸಿದರು. ಕಾಲರಾ ರೋಗದ ಸೂಕ್ಷ್ಮಜೀವಿಯೂ ಇದೇ ಗುಂಪಿನದು. ಕೆನಡದ ತೀರದಲ್ಲಿ, ನೀರು ಇನ್ನೂ ತಣ್ಣಗಿರುವ ಇಕ್ಕಟ್ಟಾದ ಕಡಲತೋಳುಗಳಲ್ಲಿ ಈ ನಕ್ಷತ್ರಮೀನುಗಳು ಅಷ್ಟಿಷ್ಟು ಉಳಿದುಕೊಂಡಿವೆ. ತಣ್ಣೀರೇ ಅವುಗಳ ಪಾಲಿನ ಆಶ್ರಯವಾಗಿದೆ. ಪ್ರಯೋಗಶಾಲೆಗಳಲ್ಲಿ ಅವುಗಳ ಮರಿಗಳನ್ನು ಸಾಕಿ ಬೆಳೆಸುವ ಪ್ರಯತ್ನವೂ ನಡೆದಿದೆ. ಇಲ್ಲಿ ನಾವು ನೆನಪಿಡಬೇಕಾದುದು ಒಂದುಂಟು. ಮೊದಲು ಹೀಗಿರಲಿಲ್ಲ, ಈಗ ಹೀಗಾಗಿದೆ ಎಂದು ಹೇಳಲು, ಮೊದಲು ಹೇಗಿತ್ತೆಂದು ನೋಡಿದವರು ಇರಬೇಕು. ವರ್ಷ ವರ್ಷವೂ ಅದೇ ಬಂಡೆಯ ಬಳಿಗೆ ಇಳಿದು, ಎಣಿಸಿ, ಬರೆದಿಟ್ಟವರು ಇದ್ದುದರಿಂದಲೇ ಈ ನಾಶದ ಅಳತೆ ಜಗತ್ತಿಗೆ ತಿಳಿಯಿತು. ಅವರಲ್ಲಿ ಹಲವರು ವಿಜ್ಞಾನಿಗಳಲ್ಲ. ನೋಡುವ ಆಸೆಯಿಂದ ನೀರಿಗಿಳಿದ ಸಾಮಾನ್ಯರು.

ನಮ್ಮ ನಾಡಿನ ಕಡಲು ಇಂಥ ತಣ್ಣನೆಯ ಕಡಲಲ್ಲ. ಆದರೂ ತಣ್ಣೀರಿನ ಉಪಕಾರ ನಮಗೂ ಉಂಟು. ಮುಂಗಾರಿನ ಗಾಳಿಯು ಪಶ್ಚಿಮ ಕರಾವಳಿಯ ಮೇಲೆ ಬೀಸುವಾಗ ದಡದ ಬಳಿಯ ಮೇಲುನೀರು ಆಚೆಗೆ ಸರಿಯುತ್ತದೆ; ಆ ಎಡೆಯನ್ನು ತುಂಬಲು ಆಳದ ತಣ್ಣೀರು ಮೇಲಕ್ಕೆ ಬರುತ್ತದೆ. ಅದರೊಡನೆ ಬಂದ ಸತ್ವದಿಂದ ಸೂಕ್ಷ್ಮಸಸ್ಯಗಳು ಬೆಳೆಯುತ್ತವೆ. ಅವುಗಳಿಂದ ಬೂತಾಯಿ, ಬಂಗುಡೆಯಂಥ ಮೀನುಗಳು ಸಮೃದ್ಧವಾಗುತ್ತವೆ. ಅಂದರೆ ನಮ್ಮ ಹೊಲಗಳಿಗೆ ಮಳೆ ತರುವ ಗಾಳಿಯೇ ಕರಾವಳಿಯ ಬೆಸ್ತರ ಬಲೆಗೂ ಬೆಳೆ ತರುತ್ತದೆ. ಆ ದಿನಗಳಲ್ಲಿ ಕಡಲು ಭೋರ್ಗರೆಯುವುದರಿಂದ ಮುಳುಗಿ ನೋಡುವ ಮಾತು ದೂರವೇ ಉಳಿಯಿತು.

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ, ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ತೊಟ್ಟು ಇಳಿಯಬಹುದು. ಅಲ್ಲಿ ಜನವಸತಿಯಿಲ್ಲ. ಬಿಳಿಹೊಟ್ಟೆಯ ಕಡಲ ಹದ್ದುಗಳು ದ್ವೀಪದ ಮರಗಳಲ್ಲಿ ಗೂಡು ಕಟ್ಟುತ್ತವೆ. ಸುತ್ತಣ ನೀರಿನಲ್ಲಿ ಹವಳಗಳಿವೆ. ಅವುಗಳ ನಡುವೆ ಚಿಟ್ಟೆಮೀನು, ಗಿಳಿಮೀನುಗಳು ಹಿಂಡುಹಿಂಡಾಗಿ ಸುಳಿಯುತ್ತವೆ. ಒಮ್ಮೊಮ್ಮೆ ಕಡಲಾಮೆಯೂ ಕಾಣಸಿಗುತ್ತದೆ. ತಣ್ಣನೆಯ ಕಡಲಿನ ಕೆಲ್ಪ್ ಕಾಡಿಗೆ ಬೆಚ್ಚನೆಯ ಕಡಲಿನಲ್ಲಿ ಸಾಟಿಯಾಗಿ ನಿಲ್ಲುವುದು ಈ ಹವಳದ ತೋಟ. ಅಲ್ಲಿ ಕೆಲ್ಪ್ ಮಾಡುವ ಕೆಲಸವನ್ನೇ ಇಲ್ಲಿ ಹವಳ ಮಾಡುತ್ತದೆ: ಮನೆ ಕಟ್ಟಿಕೊಡುತ್ತದೆ. ನೀರು ಅಳತೆ ಮೀರಿ ಬಿಸಿಯಾದರೆ ಹವಳವೂ ಬಿಳಿಚಿಕೊಂಡು ಸಾಯಬಹುದು.

ತಣ್ಣೀರಾಗಲಿ ಬೆಚ್ಚನೆಯ ನೀರಾಗಲಿ, ನೋಡುವವನ ಧರ್ಮ ಒಂದೇ. ಅವನು ಅತಿಥಿ. ಯಾವುದನ್ನೂ ಮುಟ್ಟಬಾರದು, ಚಿಪ್ಪೊಂದನ್ನೂ ಎತ್ತಿಕೊಂಡು ಬರಬಾರದು. ಕಾಲಿನಿಂದ ತಳದ ಕೆಸರನ್ನು ಕದಡಬಾರದು. ಮೀನುಗಳನ್ನು ಅಟ್ಟಿಸಿಕೊಂಡು ಹೋಗದೆ, ಒಂದೆಡೆ ನಿಂತು, ಅವು ತಾವಾಗಿ ಬಳಿಗೆ ಬರುವವರೆಗೆ ಕಾಯಬೇಕು. ಕಲ್ಲನ್ನು ಉರುಳಿಸಿದರೆ, ಅದರಡಿಯಲ್ಲಿ ಒಂದು ಸಂಸಾರವಿತ್ತೆಂಬುದನ್ನು ಮರೆಯಬಾರದು. ಮೇಲೆ ಬಂದೊಡನೆ ಕಂಡದ್ದನ್ನು ಬರೆದಿಡಬೇಕು: ದಿನ, ಸ್ಥಳ, ಆಳ, ನೀರಿನ ಶಾಖ, ಯಾವ ಜೀವಿ, ಎಷ್ಟು. ನೆನಪು ಮಾಸುತ್ತದೆ, ಬರೆದದ್ದು ಉಳಿಯುತ್ತದೆ.

ಈ ಧರ್ಮವನ್ನು ಪಾಲಿಸಲು ಕಡಲೇ ಬೇಕೆಂದಿಲ್ಲ, ಬೆನ್ನಿಗೆ ಸಿಲಿಂಡರೂ ಬೇಕಿಲ್ಲ. ನೀರು ಏರಿಬಂದರೆ ಏನಾಗುತ್ತದೆಂಬುದನ್ನು ಬಾಗಲಕೋಟೆಯವರಿಗೆ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಊರಿನ ಎಷ್ಟೋ ಬೀದಿಗಳು, ಮನೆಗಳು ಮುಳುಗಿದವು. ಜನರು ನವನಗರಕ್ಕೆ ಬಂದು ನೆಲಸಿದರು. ಮನೆ ಬಿಟ್ಟುಬಂದವರಿಗೆ ಆ ನೀರು ನೋವಿನ ನೆನಪು. ಆದರೆ ಅದೇ ನೀರಿನ ಅಂಚಿನಲ್ಲಿ ಇಂದು ಮೀನು, ಏಡಿ, ಬಸವನಹುಳುಗಳು ಬದುಕು ಹೂಡಿವೆ. ಚಳಿಗಾಲದಲ್ಲಿ ದೂರದ ನಾಡುಗಳಿಂದ ಹಕ್ಕಿಗಳು ಬಂದಿಳಿಯುತ್ತವೆ. ಅವುಗಳಲ್ಲಿ ಯಾವುದು ಕೊಂಡಿ, ಯಾವುದು ಎಳೆ? ನೀರಿನಂಚಿನ ಒಂದು ಕಲ್ಲನ್ನು ಆರಿಸಿಕೊಂಡು, ಹಿರಿಯರ ಜೊತೆಯಲ್ಲಿ, ದಡದ ಮೇಲೆಯೇ ಕುಳಿತು ತಿಂಗಳಿಗೊಮ್ಮೆ ನೋಡಿ ಬರೆದಿಟ್ಟರೆ, ಹತ್ತು ವರ್ಷಗಳ ಮೇಲೆ ಆ ಪುಸ್ತಕವು ಬೇರಾರೂ ಹೇಳಲಾರದ ಸಂಗತಿಯನ್ನು ಹೇಳೀತು.

ಬಾಗಲಕೋಟೆಯ ಸುತ್ತಣ ಸುಣ್ಣದ ಕಲ್ಲನ್ನು ಕಡಿದು ಸುಟ್ಟು ಸಿಮೆಂಟ್ ಮಾಡುತ್ತಾರೆ. ನಾಡಿಗೆ ಮನೆಗಳೂ ಸೇತುವೆಗಳೂ ಬೇಕು. ಆದುದರಿಂದ ಇದು ತಪ್ಪೆಂದು ಹೇಳಲಾಗದು. ಆದರೆ ಒಂದು ಕಲ್ಲು ಗೂಡಿಗೆ ಹೋಗುವ ಮೊದಲು, ಅದರ ಮೇಲೆ ನೂರು ಕೋಟಿ ವರ್ಷಗಳ ಹಿಂದಿನ ಕಡಲಿನ ಕೈಬರಹವಿದೆಯೇ ಎಂದು ನೋಡುವ ಕಣ್ಣೊಂದು ಊರಿನಲ್ಲಿರಬೇಕು. ಸತ್ತ ಕಡಲನ್ನು ಕಲ್ಲಿನಲ್ಲಿ ಓದಬಲ್ಲವನು, ಬದುಕಿರುವ ಕಡಲನ್ನು ಕಲ್ಲಾಗಲು ಬಿಡಲಾರನು.